ಟೈಲರಮ್ಮನ ಸೀಟು

ಆ ಭಾನುವಾರ ಟೈಲರಮ್ಮ ಬಸ್ಸಿನಲ್ಲಿ ಹೋದಳು, ಅವಳ ಗಂಡ ಫಿಟ್ಟರಪ್ಪ ಕಾರಿನಲ್ಲಿ ಹೋದ. ಇಬ್ಬರೂ ಹೋದದ್ದು ಒಂದೇ ಮನೆಗೆ, ಒಂದೇ ಊಟಕ್ಕೆ. ಊರಿನ ಆಚೆ ತುದಿಯಲ್ಲಿ ಟೈಲರಮ್ಮನ ತಂಗಿಯ ಮನೆ. ಭಾನುವಾರದ ಮಧ್ಯಾಹ್ನ ಅಲ್ಲಿ ಉಣ್ಣುವುದು ವರ್ಷಗಳಿಂದ ನಡೆದುಬಂದದ್ದು. ಹೊರಡುವಾಗ ಇಬ್ಬರೂ ಕಾರಿನಲ್ಲೇ ಹೊರಟಿದ್ದರು ಅನ್ನಿ. ಎರಡನೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಟೈಲರಮ್ಮ ಬಾಗಿಲು ತೆಗೆದು, ಸೊಂಟ ಹಿಡಿದುಕೊಂಡು ಇಳಿದು, "ನೀವು ನಿಮ್ಮ ಗಾಡೀಲಿ ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ," ಅಂದು ಬಾಗಿಲು ಮುಚ್ಚಿದಳು. ಮೆಲ್ಲಗೇ ಮುಚ್ಚಿದಳು. ಆ ಕಾರಿನ ಬಾಗಿಲನ್ನು ದಢಾರನೆ ಹಾಕಿದರೆ ಎಷ್ಟು ದಿನ ಮಾತು ಕೇಳಬೇಕಾಗುತ್ತದೆಂದು ಆ ಮನೆಯವರಿಗೆಲ್ಲ ಗೊತ್ತು.

ಫಿಟ್ಟರಪ್ಪ ಪಾಪ, ಏನು ಮಾಡಿಯಾನು? ಬಸ್ಸಿನ ಹಿಂದೆಯೇ ಗಾಡಿ ಬಿಟ್ಟ. ಬಸ್ಸು ನಿಂತಲ್ಲೆಲ್ಲ ನಿಂತ, ಹೊರಟಾಗ ಹೊರಟ. ಕೊನೆಯ ಸೀಟಿನ ಜನ ಹಿಂದಿನ ಗಾಜಿನಿಂದ ಇಣುಕಿ, ಉದ್ದ ಮೂತಿಯ ಆ ಹಳೇ ಕಾಲದ ಕಾರನ್ನು ನೋಡಿ ನಗುತ್ತಿದ್ದರು. ಟೈಲರಮ್ಮ ಕಂಬಿ ಹಿಡಿದು ನಿಂತಿದ್ದಳು. ಸೀಟು ಖಾಲಿ ಇದ್ದರೂ ಕೂರಲಿಲ್ಲ. ನಿಂತರೆ ನೋವು ಕಮ್ಮಿ.

"ಇದೇನಕ್ಕಾ, ಭಾವ ಬಸ್ಸಿಗೆ ಕಾವಲು ಬಂದರಾ?" ತಂಗಿ ಬಾಗಿಲಲ್ಲೇ ನಕ್ಕಳು.

"ಅವರನ್ನೇ ಕೇಳು."

"ನನ್ನನ್ನೇನು ಕೇಳ್ತೀಯ? ನಡುರಸ್ತೇಲಿ ಇಳಿದು ಹೋದೋಳು ನಿಮ್ಮಕ್ಕ," ಅಂದ ಫಿಟ್ಟರಪ್ಪ.

ಊಟಕ್ಕೆ ಕೂತ ಮೇಲೆ ತಂಗಿಯ ನಗು ನಿಂತಿತು. ಅನ್ನ ಬಡಿಸುತ್ತ, ಯಾರ ಮುಖವನ್ನೂ ನೋಡದೆ ಸುದ್ದಿ ಹೇಳಿದಳು. ಅವಳ ಗಂಡನ ಕಾರ್ಖಾನೆ ಬೇರೆ ಊರಿಗೆ ಹೋಗುತ್ತಿದೆ. ತಿಂಗಳ ಕೊನೆಗೆ ಇವರೂ ಗಂಟುಮೂಟೆ ಕಟ್ಟಬೇಕು. ಐದು ತಾಸಿನ ದಾರಿ. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಬೇಕು.

"ನೀನು ಬರ್ತಾ ಇರ್ತೀಯ ತಾನೇ ಅಕ್ಕ?"

"ಬರದೆ ಮತ್ತೆ? ಬಿಟ್ಟುಬಿಡ್ತೀನೇನೆ ನಿನ್ನ?"

ಅಂದಳೇನೋ ಸರಿ. ಕಲಸಿದ ಅನ್ನವನ್ನೇ ಮತ್ತೆ ಕಲಸಿದಳು. ತಾಯಿ ಇಲ್ಲದ ಮನೆಯಲ್ಲಿ ಈ ತಂಗಿಗೆ ಜಡೆ ಹಾಕಿದ್ದು, ಸ್ಕೂಲಿನ ಅಂಗಿ ಹೊಲಿದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವಳೇ. ಐದು ತಾಸು ಬಸ್ಸಿನಲ್ಲಿ ನಿಂತು ಬರಲಾದೀತೆ? ಗಂಡನ ಕಾರಿನ ಬೆಂಚಿನಲ್ಲಿ ಅರ್ಧ ತಾಸು ಕೂತರೇ ಕಾಲಿನವರೆಗೆ ಸೆಳೆತ ಇಳಿಯುತ್ತದೆ. ಎರಡೂ ಆಗದಿದ್ದರೆ ತಂಗಿಯ ಮನೆಯ ದಾರಿ ಮುಚ್ಚಿತು ಅಂತಲೇ ಲೆಕ್ಕ.

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದು ಫಿಟ್ಟರಪ್ಪನಿಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕದು, ಅವನ ಮದುವೆಗಿಂತ ಎಷ್ಟೋ ದೊಡ್ಡದು. ನೀರು ಸರಬರಾಜಿನ ಪಂಪ್ ಮನೆಯಲ್ಲಿ ಫಿಟ್ಟರ್ ಆಗಿದ್ದಾಗ ಕೊಂಡದ್ದು. ಮುಂದುಗಡೆ ಉದ್ದಕ್ಕೆ ಒಂದೇ ಬೆಂಚು, ಒಳಗೆ ಸುರುಳಿ ಸ್ಪ್ರಿಂಗು. ಕೂತು ಕೂತು ಬಲಗಡೆ ಗಂಡನ ಗುಂಡಿ, ಎಡಗಡೆ ಹೆಂಡತಿಯ ಗುಂಡಿ. ತಳದ ತಗಡು ಒಮ್ಮೆ ತುಕ್ಕು ಹಿಡಿದು ರಸ್ತೆ ಕಾಣುವಂತಾದಾಗ ಫಿಟ್ಟರಪ್ಪ ಎರಡು ಚಳಿಗಾಲ ಅದರಡಿಗೆ ಅಂಗಾತ ಮಲಗಿ, ತುಂಡು ತುಂಡಾಗಿ ಕೊಯ್ದು, ಬೆಸುಗೆ ಹಾಕಿ, ಹೊಸ ತಳ ಕೂರಿಸಿದ್ದ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಆ ತಳವನ್ನು ತೋರಿಸುತ್ತಿದ್ದ. "ನನ್ನ ಮಗನ ಹಿರೀ ಹೆಂಡ್ತಿ," ಎಂದು ಅವನ ತಾಯಿ ಕಾರನ್ನು ತೋರಿಸಿ ಹೇಳುತ್ತಿದ್ದರು. ಈ ಅತ್ತೆಗೆ ಎಂಬತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

ಆ ಭಾನುವಾರ ಸಂಜೆ ಮನೆಯ ಊಟದ ಮೇಜಿನಲ್ಲೇ ಜಗಳ ಹತ್ತಿಕೊಂಡಿತು.

"ಆ ಬೆಂಚು ಬದಲಾಯಿಸಿದರೆ ನಿಮ್ಮ ಗಂಟೇನು ಹೋಗುತ್ತೆ?" ಅಂದಳು ಟೈಲರಮ್ಮ, ಮೊಟ್ಟೆ ಸುಲಿಯುತ್ತ.

"ಅದು ಕಂಪನಿಯಿಂದಲೇ ಬಂದ ಬೆಂಚು ಕಣೇ."

"ನಾನೂ ನಮ್ಮಪ್ಪನ ಮನೆಯಿಂದಲೇ ಬಂದೋಳು. ಬಂದಾಗ ನನ್ನ ಸೊಂಟವೂ ಚೆನ್ನಾಗೇ ಇತ್ತು."

"ಇನ್ನೊಂದು ದಿಂಬು ಇಟ್ಕೋ."

"ಮೂರು ಇಟ್ಕೊಂಡಾಯ್ತು! ದಿಂಬಿನ ಮೇಲೆ ದಿಂಬು ಇಟ್ಟು ನಾನೇನು ಗೋಪುರದ ಮೇಲೆ ಕೂರಲಾ?"

ಮಗಳು ನಡುವೆ ಬಾಯಿ ಹಾಕಿದಳು. ಬೇಕರಿಯೊಂದರ ವ್ಯಾನು ಓಡಿಸುವ ಹುಡುಗಿ. ಬೆಳಗಿನ ಜಾವ ಎದ್ದು ಊರೆಲ್ಲ ಬ್ರೆಡ್ಡು ಹಂಚಿ, ಸಂಜೆಗೆ ಮನೆ ಸೇರುವವಳು. "ಅಪ್ಪ, ಈಗಿನ ಕಾರಿನ ಸೀಟು ಹಾಕಿಬಿಡು. ನನ್ನ ವ್ಯಾನಿನ ಸೀಟು ನೋಡು, ದಿನವೆಲ್ಲ ಕೂತಿರ್ತೀನಿ, ಬೆನ್ನು ಅಂತ ಒಂದಿದೆ ಅನ್ನೋದೇ ಮರೆತುಹೋಗುತ್ತೆ."

"ಈಗಿನ ಸೀಟಿಗೆ ಈಗಿನ ಫ್ಲೋರು ಬೇಕು. ನಮ್ಮ ಬೆಂಚಿಗೆ ಅಂತ ಇರೋದು ನಾಲ್ಕೇ ನಾಲ್ಕು ತೂತು. ಹೊಸ ಸೀಟಿಗೆ ಒಂದೊಂದಕ್ಕೂ ನಾಲ್ಕು ಬೇಕು, ಅದೂ ಬೇರೆ ಜಾಗದಲ್ಲಿ. ಕೊರೀಬೇಕು. ಕೊರೆದರೆ ನೀರು, ನೀರು ಬಂದರೆ ತುಕ್ಕು. ನಾನಿರೋವರೆಗೂ ಆ ಫ್ಲೋರಿಗೆ ಡ್ರಿಲ್ ಮುಟ್ಟಿಸಲ್ಲ."

"ಹೆಂಡ್ತಿ ಸೊಂಟಕ್ಕೆ ತುಕ್ಕು ಹಿಡಿದರೂ ಪರವಾಗಿಲ್ಲ," ಅಂದರು ಅತ್ತೆ, ಬ್ರೆಡ್ಡನ್ನು ಹಾಲಿಗೆ ಅದ್ದುತ್ತ.

"ಅಮ್ಮಾ, ನೀನು ಸುಮ್ನಿರು."

"ಕೊರೀಬೇಡ," ಅಂದಳು ಮಗಳು. "ಆ ನಾಲ್ಕು ತೂತಿಗೇ ಕೂರೋ ಹಾಗೆ ಒಂದು ಕಬ್ಬಿಣದ ಫ್ರೇಮ್ ಮಾಡು. ಸೀಟು ಫ್ರೇಮಿಗೆ, ಫ್ರೇಮು ಹಳೇ ತೂತಿಗೆ."

ಫಿಟ್ಟರಪ್ಪನ ದವಡೆ ಅಗಿಯುವುದನ್ನು ನಿಲ್ಲಿಸಿತು. ಕಣ್ಣು ಗೋಡೆಯ ಮೇಲೆ ಎಲ್ಲೋ ನೆಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯತೊಡಗಿದ. ಆ ಗಳಿಗೆಯಿಂದ ಹೆಂಡತಿಯ ಬೆನ್ನಿನ ಮಾತು ಆ ಮನೆಯಲ್ಲಿ ಮುಗಿಯಿತು, ಫ್ರೇಮಿನ ಮಾತು ಶುರುವಾಯಿತು. ಟೈಲರಮ್ಮನಿಗೆ ಅದು ಗೊತ್ತಾಗಲಿಲ್ಲ. ಗಂಡ ಒಪ್ಪಿದನಲ್ಲ ಎಂಬ ಖುಷಿಯಲ್ಲಿ ಅವಳು ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

ಸೀಟುಗಳನ್ನು ತಂದವಳು ಮಗಳೇ. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ಹೊಸ ಕಾರಿನವು. ಮುಂದಿನ ಎರಡು ಸೀಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸೀಟನ್ನು ಹಿಂದೆ ಮುಂದೆ ಸರಿಸುವ ಅಡಿಯ ಜಾರುವ ಪಟ್ಟಿಗಳನ್ನು ಗುಜರಿಯವರು ಬಿಚ್ಚಿ ಬೇರೆ ಕಟ್ಟಿ ಕೊಟ್ಟಿದ್ದರು. ಬೇಕರಿ ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ಜೊತೆ ಬಂದ ಸೀಟುಗಳು ನಡುಮನೆಯ ನೆಲದ ಮೇಲೆ ಪಕ್ಕಪಕ್ಕ ಕೂತವು.

ಮೊದಲು ಕೂತವರು ಅತ್ತೆ. ಎಬ್ಬಿಸುವುದೇ ಕಷ್ಟವಾಯಿತು. ಚಹಾ ಅಲ್ಲೇ, ಊಟ ಅಲ್ಲೇ, ಮಧ್ಯಾಹ್ನದ ನಿದ್ದೆಯೂ ಅಲ್ಲೇ. "ಇದನ್ನ ಕಾರಿಗೆ ಯಾಕೆ ಹಾಕ್ತೀರೋ? ಇಲ್ಲೇ ಇರ್ಲಿ ಬಿಡಿ," ಅನ್ನುತ್ತಿದ್ದರು. ಟೈಲರಮ್ಮ ಸಂಜೆ ಹೊಲಿಗೆ ಮುಗಿಸಿ ಬಂದು ಇನ್ನೊಂದರಲ್ಲಿ ಕೂತಳು. ಬೆನ್ನಿನ ಒಳತಗ್ಗಿಗೆ ಸೀಟಿನ ಉಬ್ಬು ಸರಿಯಾಗಿ ಬಂದು ಕೂತಿತು. ಪಾದಗಳು ತಣ್ಣಗೆ ನೆಲದ ಮೇಲೆ ಊರಿದ್ದವು. ಅವಳು ಕಣ್ಣು ಮುಚ್ಚಿದಳು. ಒಂದು ಟೀವಿ ಧಾರಾವಾಹಿ ಪೂರ್ತಿ ಮುಗಿದರೂ ಸೆಳೆತ ಬರಲಿಲ್ಲ.

"ಹೇಗಿದೆ?" ಅಂದ ಫಿಟ್ಟರಪ್ಪ.

"ಸ್ವರ್ಗ ಕಣ್ರೀ," ಅಂದಳು. ಆಮೇಲೆ ಫೋನು ತೆಗೆದು ತಂಗಿಗೆ, "ಗಂಡಸರು ಕೆಲವು ಸಲ ಮಾತು ಕೇಳ್ತಾರೆ ಕಣೇ," ಎಂದು ನಗುತ್ತ ಹೇಳಿದಳು.

ಮುಂದಿನ ದಿನಗಳಲ್ಲಿ ಫಿಟ್ಟರಪ್ಪ ಕಾರಿಗೂ ಮನೆಗೂ ಇರುವೆಯ ಹಾಗೆ ಓಡಾಡಿದ. ಬೆಂಚು ಬಿಚ್ಚಿ ಜಗಲಿಗೆ ತಂದಿಟ್ಟ. "ಇದನ್ನ ಯಾರೂ ಹಾಳು ಮಾಡಬಾರದು. ಯಾವತ್ತು ಬೇಕಾದರೂ ಇದು ವಾಪಸ್ ಹೋಗಬೇಕು," ಎಂದು ಎಲ್ಲರಿಗೂ ತಾಕೀತು ಮಾಡಿದ. ರಟ್ಟಿನ ತುಂಡು ಕತ್ತರಿಸಿ ತಳಕ್ಕೆ ಹೊಂದಿಸಿದ. ಬಾಗಿಲಿನ ಹೊಸ್ತಿಲಿನಿಂದ ತಳದ ನಡುವಿನ ಉಬ್ಬಿಗೆ ಎಷ್ಟು, ಚಾವಣಿಯಿಂದ ತಲೆಗೆ ಎಷ್ಟು, ಸ್ಟೀರಿಂಗಿನಿಂದ ಹೊಟ್ಟೆಗೆ ಎಷ್ಟು, ಕಣ್ಣಿನಿಂದ ಗಾಜಿಗೆ ಎಷ್ಟು ಎಂದೆಲ್ಲ ಅಳೆದ. ಅಳೆದದ್ದನ್ನೇ ಮತ್ತೆ ಅಳೆದ. ಒಂದು ದಿನ ಟೈಲರಮ್ಮ ಗಿರಾಕಿಯೊಬ್ಬಳನ್ನು ನಿಲ್ಲಿಸಿಕೊಂಡು ಟೇಪು ಹುಡುಕಿದರೆ ಟೇಪು ಇಲ್ಲ.

"ರೀ! ನನ್ನ ಟೇಪು ತಗೊಂಡ್ರಾ?"

"ಇಲ್ಲಿದೆ, ಇಲ್ಲಿದೆ. ಉಕ್ಕಿನ ಟೇಪು ಬಗ್ಗಲ್ಲ ಕಣೇ. ಆ ಉಬ್ಬಿನ ಮೇಲೆ ಬಟ್ಟೆ ಟೇಪೇ ಚೆನ್ನಾಗಿ ಮಲಗುತ್ತೆ."

ಟೇಪಿನ ತುಂಬ ಗ್ರೀಸು. ಟೈಲರಮ್ಮನ ಪಿತ್ತ ನೆತ್ತಿಗೇರಿತು. "ಇದನ್ನ ಜನರ ಬಿಳೀ ಅಂಗಿ ಮೇಲೆ ಹಿಡೀಲಾ? ನಿಮ್ಮ ಕಾರಿಗೆ ಕುಬುಸ ಹೊಲೀತಿದ್ದೀರಾ?"

"ಹೊಸದು ತಂದುಕೊಡ್ತೀನಿ ಬಿಡು. ಯಾರಿಗೋಸ್ಕರ ಮಾಡ್ತಿರೋದು ಇದೆಲ್ಲ? ನಿನಗೇ ತಾನೆ?"

ಈ ಮಾತಿಗೆ ಅವಳು ತಣ್ಣಗಾದಳು. ನಿಜ ತಾನೇ, ಯಾರಿಗೋಸ್ಕರ?

ಹಳೆಯ ತೂತು ನಾಲ್ಕೂ ಬೆಂಚಿನ ಎರಡು ತುದಿಯಲ್ಲಿದ್ದವು. ಹಾಗಾಗಿ ಎಡಕ್ಕೊಂದು ಬಲಕ್ಕೊಂದು ಎಂದು ಫ್ರೇಮು ಬೇರೆ ಬೇರೆ ಮಾಡುವಂತಿರಲಿಲ್ಲ. ಕಾರಿನ ಅಡ್ಡಗಲಕ್ಕೆ ಒಂದೇ ಫ್ರೇಮು, ಅದರ ಮೇಲೆ ಜಾರುವ ಪಟ್ಟಿಗಳು, ಅವುಗಳ ಮೇಲೆ ಎರಡು ಸೀಟು. ಎತ್ತರ ಎಷ್ಟಿರಬೇಕೆಂದು ಫಿಟ್ಟರಪ್ಪ ತಾನೇ ಕೂತು, ಕೆಳಗೆ ಮರದ ತುಂಡು ಏರಿಸಿ ಇಳಿಸಿ, ಮಗಳನ್ನು ಹೊರಗೆ ನಿಲ್ಲಿಸಿ "ನನ್ನ ಕಣ್ಣು ಗಾಜಿನ ಮಧ್ಯಕ್ಕೆ ಬಂತಾ ನೋಡು," ಅಂದು ಗೊತ್ತುಮಾಡಿದ. ಆರಡಿ ಆಳು. ಅವನಿಗೆ ಅದು ಹೇಳಿ ಮಾಡಿಸಿದ ಎತ್ತರ.

ತಂಗಿ ಊರು ಬಿಡುವ ಮುಂಚಿನ ಕೊನೆಯ ಭಾನುವಾರದ ಹೊತ್ತಿಗೆ ಫ್ರೇಮು ಸಿದ್ಧವಾಯಿತು. ಕಪ್ಪು ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು. ಬೀದಿಯ ನಾಲ್ಕಾರು ಜನ ಸೇರಿದ್ದರು. ಬೋಲ್ಟುಗಳು ನಾಲ್ಕೂ ಹಳೆಯ ತೂತಿಗೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಇಳಿದವು. ಫಿಟ್ಟರಪ್ಪ ನೆಟ್ಟಗೆ ನಿಂತು, ಕೈ ಒರೆಸಿಕೊಂಡು, "ನೋಡಿ, ಒಂದೇ ಒಂದು ತೂತು ಕೊರೆದಿಲ್ಲ," ಎಂದ. ಯಾರೋ ಚಪ್ಪಾಳೆ ಹೊಡೆದರು. ಅವನ ಮುಖ ನೋಡಿ ಟೈಲರಮ್ಮನಿಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಬೇಕು.

"ಬಾ, ಕೂತ್ಕೋ," ಎಂದು ಎಡಗಡೆಯ ಬಾಗಿಲು ತೆರೆದ.

ಅವಳು ಹತ್ತಿ ಕೂತಳು. ಬೆನ್ನಿಗೆ ಅದೇ ಉಬ್ಬು ಸಿಕ್ಕಿತು. ಕಾಲಿಗೆ ನೆಲ ಸಿಗಲಿಲ್ಲ. ನಡುಮನೆಯಲ್ಲಿ ಬರಿ ನೆಲದ ಮೇಲಿದ್ದ ಸೀಟು ಈಗ ಫ್ರೇಮಿನ ಮೇಲೆ, ಪಟ್ಟಿಯ ಮೇಲೆ ಹತ್ತಿ ಕೂತಿತ್ತು. ಅವಳ ಕಾಲು ಮಕ್ಕಳ ಕಾಲಿನ ಹಾಗೆ ಗಾಳಿಯಲ್ಲಿ ತೂಗುತ್ತಿತ್ತು. ಹೆಬ್ಬೆರಳು ಚಾಚಿದರೆ ಮಾತ್ರ ಚಾಪೆ ತಾಗುತ್ತಿತ್ತು.

"ಹೇಗಿದೆ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಗಂಡನ ಕಣ್ಣು ಹೊಳೆಯುತ್ತಿತ್ತು. "ಚೆನ್ನಾಗಿದೆ," ಅಂದಳು.

ತಂಗಿಯ ಮನೆಯವರೆಗೆ ಅವಳು ಹೇಗೋ ಹಲ್ಲು ಕಚ್ಚಿದಳು. ಬ್ರೇಕು ಹಾಕಿದಾಗಲೆಲ್ಲ ಊರಲು ನೆಲವಿಲ್ಲದೆ ಮೈಯ ಭಾರವೆಲ್ಲ ಸೊಂಟಕ್ಕೇ ಬೀಳುತ್ತಿತ್ತು. ಫಿಟ್ಟರಪ್ಪ ದಾರಿಯುದ್ದಕ್ಕೂ ಬಡಾಯಿ ಕೊಚ್ಚುತ್ತ ಬಂದ. "ಎಲ್ಲಾದರೂ ಅಲುಗಾಡುತ್ತಾ? ಕಿರ್ ಅನ್ನುತ್ತಾ? ಬಂಡೆ ಕಣೇ, ಬಂಡೆ!" ತಂಗಿಯ ಮನೆಯಲ್ಲಿ ಡಬ್ಬಗಳ ನಡುವೆ ಚಾಪೆ ಹಾಸಿ ಊಟ. ಟೈಲರಮ್ಮ ನಿಂತೇ ಉಂಡಳು. ಮನೆಗೆ ಬಂದು ಮಲಗಿದವಳು ಮರುದಿನ ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ. ಬೆನ್ನಿನ ಡಾಕ್ಟರಮ್ಮ ಮನೆಗೇ ಬಂದು ಎಲ್ಲ ಕೇಳಿ, "ಕಾಲು ತೂಗಾಡಿದರೆ ಸೀಟು ಎಂಥದ್ದಾದರೇನಮ್ಮ? ಅಷ್ಟೂ ಭಾರ ಸೊಂಟಕ್ಕೇ," ಅಂದರು.

ತಂಗಿ ಸಾಮಾನಿನ ಲಾರಿಯ ಹಿಂದೆ ಊರು ಬಿಟ್ಟ ದಿನ ಟೈಲರಮ್ಮ ಹಾಸಿಗೆಯಲ್ಲಿದ್ದಳು. ಫೋನಿನಲ್ಲೇ ಕಳಿಸಿಕೊಟ್ಟಳು. "ಅಳಬೇಡ್ವೇ, ಬರ್ತೀನಿ," ಅಂದಳು. ತಂಗಿ, "ನಾನೆಲ್ಲಿ ಅಳ್ತಿದ್ದೀನಿ? ಅಳ್ತಿರೋದು ನೀನು," ಅಂದಳು. ಅದು ನಿಜವಾಗಿತ್ತು.

ಎದ್ದು ಓಡಾಡುವಂತಾದ ಮೇಲೆ ಅಡಿಗೆಮನೆಯಲ್ಲಿ ಜಗಳ ಆಯಿತು. ಆಲೂಗಡ್ಡೆ ಹೆಚ್ಚುತ್ತಿದ್ದ ಫಿಟ್ಟರಪ್ಪನೇ ಬಾಯಿ ತೆಗೆದದ್ದು.

"ಕಾಲಿಗೆ ಒಂದು ಮರದ ಪೆಟ್ಟಿಗೆ ಮಾಡಿಕೊಡ್ತೀನಿ. ಮುಗೀತಲ್ಲ?"

"ಅಪ್ಪ, ಪೆಟ್ಟಿಗೆ ತಿರುವಿನಲ್ಲಿ ಜಾರುತ್ತೆ. ಜಾರಿ ನಿನ್ನ ಬ್ರೇಕಿನ ಕೆಳಗೆ ಬಂದರೆ?" ಅಂದಳು ಮಗಳು.

"ಹಾಗಾದರೆ ಪೆಟ್ಟಿಗೇನ ಫ್ಲೋರಿಗೆ..." ಎಂದು ಶುರುಮಾಡಿ ತಾನೇ ನಿಲ್ಲಿಸಿದ. ಫ್ಲೋರಿಗೆ ಬಿಗಿಯಬೇಕೆಂದರೆ ತೂತು ಬೇಕಲ್ಲ.

"ಪೆಟ್ಟಿಗೆ ಮಾಡಿ ಅದರಲ್ಲಿ ನನ್ನನ್ನೇ ಹಾಕಿ ಮೊಳೆ ಹೊಡೀರಿ," ಅಂದಳು ಟೈಲರಮ್ಮ.

"ನಿನಗೆ ಬಾಯಿ ಇರಲಿಲ್ವಾ? ಕೂತ ದಿನವೇ ಕಾಲು ಎಟಕಲ್ಲ ಅನ್ನಬಹುದಿತ್ತಲ್ಲ? ಚೆನ್ನಾಗಿದೆ ಅಂದೋಳು ನೀನೇ."

"ಅಂದೆ! ಬೀದಿ ಜನರ ಮುಂದೆ ನಿಮ್ಮ ಮುಖ ಬಾಡಬಾರದು ಅಂತ ಅಂದೆ! ತಿಂಗಳು ಪೂರ್ತಿ ನನ್ನ ಟೇಪು ಹಿಡ್ಕೊಂಡು ಕಾರಿನ ಮೂಲೆ ಮೂಲೆ ಅಳೆದ್ರಿ. ಚಾವಣಿ ಅಳೆದ್ರಿ, ಉಬ್ಬು ಅಳೆದ್ರಿ, ನಿಮ್ಮ ಹೊಟ್ಟೆ ಅಳೆದ್ರಿ. ಯಾರು ಕೂತ್ಕೋಬೇಕೋ ಆ ಹೆಂಗಸಿನ ಕಾಲಿಗೆ ಒಂದ್ಸಲ ಟೇಪು ಹಿಡಿದ್ರಾ? ನಾನು ಇಷ್ಟು ವರ್ಷ ಬಟ್ಟೆ ಹೊಲಿದಿದ್ದೀನಿ, ಮೈಗೆ ಟೇಪು ಹಿಡೀದೆ ಒಂದು ಲಂಗ ಕತ್ತರಿಸಿಲ್ಲ. ನನ್ನ ತಂಗಿ ಊರು ಬಿಟ್ಟು ಹೋದಳು, ಬಾಗಿಲಲ್ಲಿ ನಿಂತು ಕಳಿಸಿಕೊಡೋಕೂ ನನ್ನ ಕೈಲಾಗಲಿಲ್ಲ. ಗೊತ್ತಾ ನಿಮಗೆ?"

ಫಿಟ್ಟರಪ್ಪ ಚಾಕು ಇಟ್ಟ. ಮುಖ ಕೆಂಪಾಗಿತ್ತು.

"ಸರಿ. ಕೊಯ್ದೇ ಬಿಡ್ತೀನಿ. ಆ ಫ್ಲೋರೇ ಬೇಡ. ಎಡಗಡೆ ಪೂರ್ತಿ ಕತ್ತರಿಸಿ ಕೆಳಗಿಳಿಸ್ತೀನಿ. ಆಗ ಸಮಾಧಾನ ಆಗುತ್ತಾ?" ಎಂದು ಎದ್ದು ಹಿತ್ತಿಲ ಕಡೆ ನಡೆದೇಬಿಟ್ಟ. ಕತ್ತರಿಸುವ ಯಂತ್ರದ ತಂತಿ ಎಳೆಯುವ ಸದ್ದು ಕೇಳಿಸಿತು.

ಟೈಲರಮ್ಮ ಸೊಂಟ ಹಿಡಿದುಕೊಂಡೇ ಹಿಂದೆ ಹೋದಳು. "ನಿಮ್ಮ ಸಿಟ್ಟಿಗೆ ತಗಡು ಯಾಕ್ರೀ ಕೊಯ್ತೀರಿ? ತಗಡು ಏನು ತಪ್ಪು ಮಾಡಿದೆ?"

"ಮತ್ತೆ ನಾನೇನು ಮಾಡ್ಲಿ ಅಂತೀಯ?"

"ಅದನ್ನ ಅಲ್ಲಿಡಿ ಮೊದಲು. ಕತ್ತರಿಸಿ ನಾಳೆ ಅದರ ಮುಂದೆ ಕೂತು ನೀವು ಮುಖ ಇಳಿಸೋದನ್ನ ನನಗೆ ನೋಡೋಕಾಗಲ್ಲ."

ಅವನು ಯಂತ್ರ ಕೆಳಗಿಟ್ಟ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಆಲೂಗಡ್ಡೆ ಅರ್ಧ ಹೆಚ್ಚಿದ್ದು ಹಾಗೇ ಉಳಿದು, ಮನೆಯವರೆಲ್ಲ ಬ್ರೆಡ್ಡು ತಿಂದು ಮಲಗಿದರು.

ಒಂದು ವಾರ ಗಂಡಹೆಂಡಿರ ಮಧ್ಯೆ ಬೇಕಾದಷ್ಟೇ ಮಾತು ನಡೆಯಿತು: ಉಪ್ಪು ಕೊಡು, ಗ್ಯಾಸು ಮುಗೀತು, ಬಟ್ಟೆ ಒಣಗಿದೆ. ಕಾರು ಇದ್ದಲ್ಲೇ ಇತ್ತು. ಅತ್ತೆ ಜಗಲಿಯಲ್ಲಿದ್ದ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಮಗನನ್ನು ಕರೆದು, "ಏನಪ್ಪಾ, ಮೂಗಿನ ಮೇಲೆ ಸಿಟ್ಟು ಇಟ್ಕೊಂಡು ಎಷ್ಟು ದಿನ ತಿರುಗ್ತೀಯ? ಅವಳು ಕೇಳಿದ್ದೇನು? ಒಂದು ಅಳತೆ. ಚಡ್ಡಿ ಹೊಲಿಯೋನೂ ಅಷ್ಟು ಮಾಡ್ತಾನೆ," ಎಂದು ಗದರಿದರು.

ಅವತ್ತು ಮಧ್ಯಾಹ್ನ ಟೈಲರಮ್ಮ ಹೊಲಿಗೆ ಕೋಣೆಯಲ್ಲಿದ್ದಾಗ ಬಾಗಿಲಲ್ಲಿ ಫಿಟ್ಟರಪ್ಪ ನಿಂತ. ಕೈ ಸೋಪು ಹಾಕಿ ತೊಳೆದಿದ್ದ. ಉಗುರಿನ ಸಂದಿಯ ಕಪ್ಪು ಕೂಡ ಹೋಗಿತ್ತು. ಕೈಯಲ್ಲಿ ಹೊಸ ಟೇಪು.

"ಕೆಲಸ ಇದೆಯಾ?"

"ಕಾಣಿಸ್ತಿಲ್ವಾ?"

"ಮುಗಿಸು. ಕಾಯ್ತೀನಿ."

ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಅವನು ಕೈಕಟ್ಟಿ ಕೂತ. ಅವಳು ಬೇಕೆಂದೇ ನಿಧಾನವಾಗಿ ತೋಳು ಹೊಲಿದಳು, ದಾರ ಕಡಿದಳು, ಅಂಗಿ ಮಡಚಿದಳು. ಆಮೇಲೆ ಎದ್ದು ಬಂದು, "ಏಳಿ ಮತ್ತೆ. ಕೂತ್ಕೊಳ್ಳೋದು ನಾನೋ ನೀವೋ?" ಅಂದಳು.

ಅವಳು ಸ್ಟೂಲಿನ ಮೇಲೆ ಕೂತಳು. ಅವನು ನೆಲದ ಮೇಲೆ ಮಂಡಿಯೂರಿ, ಟೇಪನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಕಾಲನ್ನೇ ನೋಡಿದ. ಪಂಪಿನ ಕೊಳವೆಗಳನ್ನು ಬೆರಳಲ್ಲೇ ಅಳೆಯುತ್ತಿದ್ದ ಮನುಷ್ಯ.

"ಹಿಮ್ಮಡಿಯಿಂದ ಮಂಡಿಯ ಹಿಂದಿನ ಗುಳಿಗೆ. ಮೇಲಕ್ಕಲ್ಲ, ಹಿಂದೆ. ಹಾಂ."

"ಹೀಗಾ?"

"ಬಿಗಿಯಾಗಿ ಹಿಡೀರಿ. ಮುಟ್ಟಿದರೆ ಕರಗಿಹೋಗಲ್ಲ ನಾನು."

"ಚಪ್ಪಲಿ ಹಾಕ್ಕೊಂಡು ಕೂರ್ತೀಯೋ, ಬಿಟ್ಟು ಕೂರ್ತೀಯೋ?"

ಟೈಲರಮ್ಮ ಅವನ ನೆತ್ತಿ ನೋಡಿದಳು. ಕೂದಲು ಅಲ್ಲಿ ತೆಳ್ಳಗಾಗಿತ್ತು. ಎಷ್ಟೋ ವರ್ಷಗಳಾದ ಮೇಲೆ ಯಾರೋ ಅವಳನ್ನು ಸರಿಯಾದ ಪ್ರಶ್ನೆ ಕೇಳಿದ್ದರು. ಅವಳ ಕಣ್ಣು ತುಂಬಿತು, ಅವನಿಗೆ ಕಾಣಲಿಲ್ಲ.

"ಹಾಕ್ಕೊಂಡು," ಅಂದಳು. "ಈಗ ಬೆನ್ನಿನಿಂದ ಮಂಡಿಗೆ ಹಿಡೀರಿ. ಸೀಟಿನ ಉದ್ದವೂ ನನಗೆ ಜಾಸ್ತಿ. ಅದನ್ನ ನಾನೇ ಬಿಚ್ಚಿ, ಸ್ಪಂಜು ತೆಗೆದು, ಮೊಟಕು ಮಾಡಿ ಹೊಲೀತೀನಿ. ನೀವು ಎತ್ತರ ನೋಡಿಕೊಳ್ಳಿ."

ಹಳೆಯ ತೂತು ನಾಲ್ಕು, ಫ್ರೇಮು ಒಂದೇ. ಆದರೆ ಎಡಗಡೆ ಅದನ್ನು ಮೆಟ್ಟಿಲಿನ ಹಾಗೆ ಕೆಳಕ್ಕೆ ಬಗ್ಗಿಸಿ, ತಳಕ್ಕೆ ಎರಡು ಬೆರಳು ಮಾತ್ರ ಬಿಟ್ಟು ಕೂರಿಸಿದ. ಆ ಕಡೆಯ ಜಾರುವ ಪಟ್ಟಿಯನ್ನೇ ತೆಗೆದುಹಾಕಿದ; ಅದರಿಂದಲೂ ಎತ್ತರ ತಗ್ಗಿತು. ಪಟ್ಟಿ ಇಲ್ಲದ ಮೇಲೆ ಸೀಟು ಹಿಂದೆ ಹೋಗಲ್ಲ, ಮುಂದೆ ಬರಲ್ಲ. ಟೈಲರಮ್ಮನ ಕಾಲಿಗೆ ಎಲ್ಲಿ ಬೇಕೋ ಅಲ್ಲೇ ಬೋಲ್ಟು ಬಿತ್ತು. ಟೈಲರಮ್ಮ ಸೀಟಿನ ಹೊದಿಕೆ ಬಿಚ್ಚಿ, ಸ್ಪಂಜು ಕೊಯ್ದು, ದಪ್ಪ ಸೂಜಿ ಎರಡು ಮುರಿದು, ಮತ್ತೆ ಹೊಲಿದಳು. ಇದೆಲ್ಲ ಆಗಲು ಇನ್ನೊಂದಿಷ್ಟು ವಾರಗಳೇ ಹಿಡಿದವು, ಬೀದಿಯವರು ಈ ಸಲ ನೋಡಲು ಬರಲಿಲ್ಲ.

ಕೂರಿಸಿದ ದಿನ ಮಗಳು ಉತ್ಸಾಹದಿಂದ ಓಡಿಬಂದು ಹತ್ತಿದಳು. 'ಟಕ್' ಎಂದು ಮಂಡಿ ಮುಂದಿನ ಗಾಜಿನ ಕೆಳಗಿನ ಸಾಮಾನು ಡಬ್ಬಿಗೆ ಹೊಡೆಯಿತು.

"ಅಯ್ಯೋ! ಅಪ್ಪ, ಇದನ್ನ ಹಿಂದೆ ತಳ್ಳೋದು ಹೇಗೆ?"

"ತಳ್ಳೋಕಾಗಲ್ಲ."

"ಮತ್ತೆ ಬೇರೆಯವರು ಕೂರೋದು?"

"ಬೇರೆಯವರು ಹಿಂದೆ ಕೂತ್ಕೊಳ್ಳಿ," ಅಂದ ಫಿಟ್ಟರಪ್ಪ. "ಅದು ನಿಮ್ಮಮ್ಮನ ಅಳತೆ."

ಮುಂದಿನ ಭಾನುವಾರ ಬೆಳಕು ಹರಿಯುತ್ತಲೇ ಗಂಡಹೆಂಡಿರಿಬ್ಬರೇ ಹೊರಟರು. ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಫ್ಲಾಸ್ಕಿನಲ್ಲಿ ಚಹಾ. ಮೊದಲ ತಾಸು ಟೈಲರಮ್ಮ ಮೈ ಬಿಗಿಹಿಡಿದು ಸೆಳೆತಕ್ಕೆ ಕಾದಳು. ಬರಲಿಲ್ಲ. ಎರಡನೆಯ ತಾಸು ಕಳೆಯಿತು. ಫಿಟ್ಟರಪ್ಪ ಒಮ್ಮೆಯೂ ಹೇಗಿದೆ ಎಂದು ಕೇಳಲಿಲ್ಲ. ಬ್ರೇಕು ಹಾಕಿದಾಗಲೆಲ್ಲ ಓರೆಗಣ್ಣಿನಿಂದ ಅವಳ ಕಾಲು ನೋಡುತ್ತಿದ್ದ.

"ರಸ್ತೆ ನೋಡಿ ಓಡಿಸ್ರೀ. ನನ್ನ ಕಾಲು ಎಲ್ಲೂ ಓಡಿಹೋಗಲ್ಲ."

"ನೋವು?"

"ಇಲ್ಲ." ಎರಡೂ ಪಾದ ತಳಕ್ಕೆ ಊರಿ ತೋರಿಸಿ ಮತ್ತೆ, "ನಿಜವಾಗ್ಲೂ ಇಲ್ಲ. ಈ ಸಲ ನಿಮ್ಮ ಮುಖಕ್ಕೋಸ್ಕರ ಹೇಳ್ತಿಲ್ಲ," ಅಂದಳು.

ಮೂರನೆಯ ತಾಸಿನಲ್ಲಿ ಅವಳಿಗೆ ನಿದ್ದೆಯೇ ಬಂತು. ಎಚ್ಚರಾದಾಗ ಹೊಸ ಊರಿನ ಬೀದಿ, ಒಂದೇ ಥರದ ಮನೆಗಳ ಸಾಲು. ಒಂದು ಗೇಟಿನ ಬಳಿ ತಂಗಿ ಸೆರಗಿಗೆ ಕೈ ಒರೆಸುತ್ತ ಓಡಿಬರುತ್ತಿದ್ದಳು. ಟೈಲರಮ್ಮ ಯಾರ ಕೈಯನ್ನೂ ಹಿಡಿಯದೆ ಇಳಿದಳು. ತಂಗಿ ಅವಳ ಮುಖ ಮುಟ್ಟಿ, ತೋಳು ಮುಟ್ಟಿ, ಬಾಗಿ ಸೀಟನ್ನು ನೋಡಿದಳು.

"ಇದೇನಾ ಅಕ್ಕ ಆ ಸೀಟು? ನಾನೂ ಒಂದ್ಸಲ ಕೂರಲಾ?"

"ಅದು ಯಾರಿಗೂ ಆಗಲ್ಲ ಕಣಮ್ಮ," ಅಂದ ಫಿಟ್ಟರಪ್ಪ. "ಮಗಳಿಗೆ ಮಂಡಿ ಹೊಡೆಯುತ್ತೆ, ನಮ್ಮಮ್ಮನಿಗೆ ಏಳೋಕೇ ಬರಲ್ಲ."

ತಂಗಿ ಕೇಳುವವಳೇ? ಹತ್ತಿ ಕೂತಳು. ಬೆನ್ನು ಆತುಕೊಂಡಿತು. ಮಂಡಿ ಎಲ್ಲೂ ತಾಗಲಿಲ್ಲ. ಪಾದಗಳೆರಡೂ ತಳದ ಮೇಲೆ ಸರಿಯಾಗಿ ಊರಿದವು, ಒಂದು ಕೂದಲೆಳೆ ಆಚೆಯೂ ಇಲ್ಲ ಈಚೆಯೂ ಇಲ್ಲ. ಅವಳು ತನ್ನ ಕಾಲನ್ನೇ ನೋಡಿದಳು.

"ಭಾವ, ನನ್ನ ಅಳತೆ ಯಾವಾಗ ತಗೊಂಡ್ರಿ?"

ಫಿಟ್ಟರಪ್ಪ ಬಾಗಿ ಅವಳ ಪಾದ ನೋಡಿದ. ಹೆಂಡತಿಯ ಕಡೆ ನೋಡಿದ. ಟೈಲರಮ್ಮ ಬಾಗಿಲು ಹಿಡಿದು ನಿಂತಿದ್ದಳು, ತಂಗಿಯಷ್ಟೇ ಎತ್ತರ.

"ಸಾಕು ಏಳೇ, ಅದು ನಂದು."

"ಇರಕ್ಕಾ, ಈಗಷ್ಟೇ ಕೂತಿದ್ದೀನಿ."

"ಏಳೇ ಅಂದ್ರೆ. ಬರೋ ತಿಂಗಳು ಮತ್ತೆ ಬರ್ತೀನಲ್ಲ, ಆಗ ಕೂತ್ಕೊಳ್ಳುವಿಯಂತೆ."

ತಂಗಿ ಏಳಲಿಲ್ಲ. ಊರು ಬಿಡುವ ದಿನ ಒಂದು ಹನಿ ಕಣ್ಣೀರು ಹಾಕದೆ ಡಬ್ಬ ಕಟ್ಟಿದವಳು ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಟೈಲರಮ್ಮ ಅವಸರ ಮಾಡಲಿಲ್ಲ. ಐದು ತಾಸು ಕೂತು ಬಂದವಳಿಗೆ ಸ್ವಲ್ಪ ಹೊತ್ತು ನಿಲ್ಲುವುದು ಹಿತವಾಗಿಯೇ ಇತ್ತು.